ತಾಳು ಮೇಸ್ತ್ರಿ

ಬಾಯಿ ಬಿಟ್ಟರೆ 'ತಾಳಿ' ಎನ್ನುವ ಈ ರೇಡಿಯೇಟರ್ ರಿಪೇರಿಯವನಿಗೆ ಪೇಟೆಯವರಿಟ್ಟ ಹೆಸರು ತಾಳು ಮೇಸ್ತ್ರಿ. ಮೊನ್ನೆ ಹಾಲಿನವನ ಪಿಕಪ್ ಹಬೆ ಕಕ್ಕುತ್ತಾ ಬಂದು ಅಂಗಡಿ ಮುಂದೆ ನಿಂತಿತು. "ಹತ್ತು ತಿಂಗಳೂ ಆಗಿಲ್ಲ ಕಣ್ರೀ, ಹೊಸಾ ಗಾಡಿ!" ಎಂದು ಅವನು ಕೂಗಾಡಿದರೆ, ಮೇಸ್ತ್ರಿ ಸ್ಟೂಲು ಎಳೆದುಕೊಟ್ಟು, "ರೇಡಿಯೇಟರಿಗೆ ಹಾರಿಬಂದು ಬಡಿದ ಕಲ್ಲಿಗೆ ಅದೆಲ್ಲಾ ಹೇಗೆ ಗೊತ್ತಾಗ್ಬೇಕು? ತಾಳಿ, ಗಾಡಿ ಆರೋವರೆಗೆ ನೀವೂ ಆರಿ" ಎಂದ. ಗಾಡಿಯ ಹಿಂಬದಿಯ ಕ್ಯಾನುಗಳಲ್ಲಿ ಹಾಲು ಕೆಡುತ್ತಿದ್ದರೂ ಅಷ್ಟೇ, ಜಪ್ಪಯ್ಯ ಅಂದರೂ ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಅವನು ಕೈ ಹಚ್ಚುವುದಿಲ್ಲ. ಮಗುವಿನ ಜ್ವರ ನೋಡುವಂತೆ ಆಗಾಗ ಬಾನೆಟ್ಟನ್ನು ಮುಟ್ಟಿ ನೋಡುತ್ತಾನೆ. ಯಮ ಬಂದರೂ ಕೋಣ ತಣ್ಣಗಾಗಲಿ ಎಂದು ಕಾಯಿಸುವ ಆಸಾಮಿ ಎಂದು ಡ್ರೈವರುಗಳು ನಗುತ್ತಾರೆ. ಬಿಚ್ಚಿದ ರೇಡಿಯೇಟರನ್ನು ಮೂಲೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದರೆ, ಅಲ್ಲೇ ಕೂತ ಅವನ ಕುರುಡು ಅಣ್ಣ ಬೆರಳಾಡಿಸಿ, ಗುಳ್ಳೆ ಏಳುವ ಜಾಗ ಹಿಡಿದು, "ಇಲ್ಲಿ ನೋಡೋ" ಎನ್ನುತ್ತಾನೆ, ಒಮ್ಮೆಯೂ ತಪ್ಪಿದ್ದಿಲ್ಲ. ಇಪ್ಪತ್ತು ವರ್ಷದ ಹಿಂದೆ ಮೇಸ್ತ್ರಿ ಅವಸರಪಟ್ಟು ಬಿಸಿ ಮುಚ್ಚಳ ತಿರುಗಿಸಿದಾಗ, ಎದುರಿಗೆ ಬಗ್ಗಿ ನಿಂತಿದ್ದವನು ಇದೇ ಅಣ್ಣ. ಈಗ ಗಾಡಿ ಪೂರ್ತಿ ಆರಿದ ಮೇಲೂ, ಅಣ್ಣ ತೊಟ್ಟಿ ಬಿಟ್ಟು ಕದಲುವುದಿಲ್ಲವೆಂದು ಗೊತ್ತಿದ್ದೂ, ಮೇಸ್ತ್ರಿ ಮುಚ್ಚಳದ ಮೇಲೆ ಬಟ್ಟೆ ಹಾಕಿ, "ಅಣ್ಣಾ, ದೂರ ಇದ್ದೀಯಾ?" ಎಂದು ಕೇಳುತ್ತಾನೆ, "ಇದ್ದೀನಿ ಕಣೋ, ತೆಗಿ" ಎಂಬ ಉತ್ತರ ಬರುವವರೆಗೆ ಅವನ ಕೈ ಅಲುಗುವುದಿಲ್ಲ.