ಕಂಬಳಿಯ ಮೂಲೆಗೊಂದು ಭಂಡಾರದ ಗಂಟು

ಆಗೆಲ್ಲ ನಮ್ಮೂರ ಮಂದಿಗೆ ಚಪ್ಪಾಳೆ ತಟ್ಟುವುದೆಂದರೆ ಬಲು ಪ್ರೀತಿ. ದೊಡ್ಡವರು ಬಾಯಿ ತೆರೆದರೆ ತಟ್ಟುತ್ತಿದ್ದರು, ಮುಚ್ಚಿದರೆ ಇನ್ನೂ ಜೋರಾಗಿ ತಟ್ಟುತ್ತಿದ್ದರು. ಬೈಯುವುದಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು, ಯಾಕೆಂದರೆ ಎಲ್ಲರಿಗಿಂತ ಮುಂದೆ ಕೂತು ತಟ್ಟಿದವಳು ನಾನು. ನಿಮ್ಮಲ್ಲೂ ಎಷ್ಟೋ ಜನ ಹಾಗೆ ಕೂತಿರುತ್ತೀರಿ. ಸುಳ್ಳು ಹೇಳಬೇಡಿ.

ಚೀನಾದ ಜೊತೆ ಯುದ್ಧ ನಡೆದ ವರ್ಷವದು. ನಾನು ನಾಲ್ಕನೆಯ ಇಯತ್ತೆ. ಮೂಡಲಗಿಯಿಂದ ಕೌಜಲಗಿಗೆ ಹೋಗುವ ಹಾದಿಯಲ್ಲಿ ನಮ್ಮೂರು, ಅದರ ತುದಿಯಲ್ಲಿ ಕುರಿ ಕಾಯುವವರ ಓಣಿ. ಮನೆಯಲ್ಲಿ ಅಪ್ಪನ ಅವ್ವ ಇದ್ದಳು, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅಪ್ಪ ಬೇಸಿಗೆಯಲ್ಲಿ ಮೂಡಲಗಿಯ ಹತ್ತಿ ಜಿನ್ನಿನಲ್ಲಿ ಕೂಲಿ. ಹತ್ತಿಯಿಂದ ಬೀಜ ಬಿಡಿಸುವ ಆ ಕಾರಖಾನೆಯ ಧೂಳು ಅವನ ರೆಪ್ಪೆಯ ಮೇಲೆ ಬೆಳ್ಳಗೆ ಕೂತಿರುತ್ತಿತ್ತು, ಕೆಮ್ಮಿದರೆ ಅದೇ ಹೊರಗೆ ಬರುತ್ತಿತ್ತು. ಜಿನ್ನು ಬಂದಾದ ತಿಂಗಳುಗಳಲ್ಲಿ ಮನೆಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುತ್ತಿದ್ದ.

ಅಪ್ಪನ ತಮ್ಮ ಸಿದ್ದಪ್ಪ ಕಾಕಾ. ನನಗೆ ಕವಣೆ ಬೀಸಲು ಕಲಿಸಿದವನು, ಎಳೆ ಜೋಳದ ತೆನೆ ಸುಟ್ಟು ಬೆಲ್ಲದ ಜೊತೆ ತಿನ್ನಿಸಿದವನು. ಎರಡು ವರ್ಷದ ಹಿಂದೆ ಫೌಜಿಗೆ ಸೇರಿದ್ದ. ಸೇರಿಸಿದವನು ಜಿನ್ನಿನ ಧಣಿ. ಆಗ ನಾವು 'ಧಣ್ಯಾರು' ಎಂದು ಬಾಯಿತುಂಬ ಬಹುವಚನ ಹಚ್ಚುತ್ತಿದ್ದೆವು. ಈಗ ನನಗೆ ವಯಸ್ಸಾಗಿದೆ, ಏಕವಚನದಲ್ಲೇ ಬರೆಯುತ್ತೇನೆ. ನಮ್ಮೂರ ಕಟ್ಟೆಯ ಮೇಲೆ ನಿಂತು ಆತ, "ಗಟ್ಟಿ ಹುಡುಗರು ಪಲ್ಟನ್ ಸೇರ್ರಿ, ದೇಶದ ಋಣ ಐತಿ" ಎಂದಿದ್ದ. ಅವನಿಗೂ ಗಂಡು ಮಕ್ಕಳು ಇಬ್ಬರಿದ್ದರು, ಕೋಣನಂಥವರು. ಅವರ ಮೇಲೆ ದೇಶದ ಋಣ ಇರಲಿಲ್ಲವೋ ಏನೋ, ಯಾರೂ ಕೇಳಲಿಲ್ಲ.

ದೀಪಾವಳಿ ಮುಗಿದು, ಕುರಿ ಹಿಂಡುಗಳು ಹುಕ್ಕೇರಿ, ದಡ್ಡಿ ಕಡೆ ಹೊರಡುವ ಹೊತ್ತಿಗೆ ಧಣಿ ನಮ್ಮ ಸಾಲೆಯ ಬಯಲಿಗೆ ಬಂದ. ನನ್ನ ಕೈಯಿಂದಲೇ ಅವನಿಗೆ ಹಾರ ಹಾಕಿಸಿದರು. ಗಡಿಯಲ್ಲಿ ನಮ್ಮ ಸಿಪಾಯಿಗಳು ಬರೀ ಅರಿವೆ ಅಂಗಿಯಲ್ಲಿ ನಡುಗುತ್ತಿದ್ದಾರೆ, ಮನೆಗೊಂದು ಕಂಬಳಿ ಕೊಡಿ, ಘಟಪ್ರಭಾ ಸ್ಟೇಶನ್ನಿನಿಂದ ರೈಲಿಗೆ ಹಾಕಿ ಕಳಿಸುವ ಜವಾಬ್ದಾರಿ ನನ್ನದು ಎಂದ. ನಮಗೆಲ್ಲ ಒಂದೊಂದು ತುಂಡು ಕರದಂಟು ಕೊಟ್ಟರು. ಬಾಯಲ್ಲಿ ಅಂಟು ಬೆಲ್ಲ, ನಾನು ಅಂಗೈ ಕೆಂಪಾಗುವ ತನಕ ತಟ್ಟಿದೆ.

ಮನೆಗೆ ಬಂದು ಹೇಳಿದ್ದೇ ತಡ, ಆಯಿ ಎದ್ದು ನಿಂತಳು. ಅಟ್ಟದ ಮೇಲೆ ಮಾರಲು ಇಟ್ಟ ಎರಡು ಕಂಬಳಿ ಇದ್ದವು. ಅಪ್ಪ ಅದರಲ್ಲೊಂದು ಕೊಟ್ಟರಾಯಿತು ಎಂದ.

"ಅವು ಸಂತಿಗೆ ನೇಯ್ದದ್ದು, ಚುಚ್ಚತಾವ. ನನ್ನ ಮಗ ಹೊತಗೊಳ್ಳೂದಕ್ಕ ಮರಿ ಉಣ್ಣಿ ಬೇಕ."

ಮರಿಯ ಮೊದಲ ಉಣ್ಣೆ ಬೆಣ್ಣೆಯಂತೆ ಮೆತ್ತಗೆ. ಮನೆಯ ಮರಿಗಳೆಲ್ಲದರ ಉಣ್ಣೆ ಕತ್ತರಿಸಿದರು, ನಾನು ಸಾಕಿದ ಗುಂಡನನ್ನೂ ಬಿಡಲಿಲ್ಲ. ಬೋಳಾದ ಗುಂಡ ನನ್ನ ಲಂಗದೊಳಗೆ ಮುಖ ತೂರಿಸಿ ನಡುಗತೊಡಗಿತು. ನಾನು ರಂಪ ಮಾಡಿದೆ.

"ಆಯಿ, ಥಂಡ್ಯಾಗ ಸಾಯತೈತಿ ಇದು!"

"ಸಾಯೂದಿಲ್ಲ ಸುಮ್ನಿರ. ಇದಕ್ಕ ಒಲಿ ಮುಂದ ಜಾಗಾ ಐತಿ. ನಿಮ್ಮ ಕಾಕಾಗ ಅಲ್ಲೆ ಏನೈತಿ?"

ಆ ಹದಿನೈದು ದಿನ ಮನೆತುಂಬ ಕುರಿಯ ಜಿಡ್ಡು ವಾಸನೆ. ಉಣ್ಣೆಯೊಳಗಿನ ಮುಳ್ಳು, ಕಸ ಆರಿಸುವುದು ನನ್ನ ಪಾಲಿನ ಕೆಲಸ. ನೂಲಿಗೆ ಬಿಗಿ ಕೊಡಲು ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಅದಕ್ಕೆ ಅವ್ವ ಬೀಜ ಹುರಿಯುತ್ತಿದ್ದಳು. ಹುರಿದ ಬೀಜ ಕದ್ದು ದವಡೆಯಲ್ಲಿಟ್ಟುಕೊಂಡರೆ ಸಾಲೆ ಬಿಡುವ ತನಕ ಕಟುಂ ಕಟುಂ. ಮಾಸ್ತರರ ಕೈಯಲ್ಲಿ ಹೊಡೆತ ತಿಂದದ್ದೂ ಅದಕ್ಕೇ.

ಕಂಬಳಿ ಮಗ್ಗದಿಂದ ಇಳಿದ ಮೇಲೆ ಆಯಿ ಅದರ ಒಂದು ಮೂಲೆಯ ದಾರಗಳೊಳಗೆ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ಒಂದು ಚಿಟಿಕೆ ಇಟ್ಟು ಬಿಗಿಯಾಗಿ ಗಂಟು ಕಟ್ಟಿದಳು. ಮಾಸ್ತರರನ್ನು ಮನೆಗೆ ಕರೆಸಿ ಕಾಕಾನಿಗೆ ಪತ್ರ ಬರೆಸಿದಳು: ಕಂಬಳಿ ಬರತೈತಿ, ಮೂಲೆಯಲ್ಲಿ ಹಳದಿ ಗಂಟಿದ್ದದ್ದು ನಿನ್ನದು, ಗುರುತು ಹಿಡಿದು ಇಸಕೊ. ಮಾಸ್ತರರು ಮುಸಿಮುಸಿ ನಕ್ಕರು. ಅಪ್ಪನಿಗೆ ತಾಳ್ಮೆ ಹೋಯಿತು.

"ಯವ್ವಾ, ಗಡಿ ಅಂದ್ರ ನಮ್ಮ ಓಣಿ ಅಂತ ತಿಳದಿ ಏನ? ಸಾವಿರಾರು ಸಿಪಾಯಿ ಇರತಾರ. ನಮ್ಮದ ಅವಂಗ ಹೆಂಗ ಸಿಗತೈತಿ?"

"ಸಿಗದಿದ್ರ ಬಾಜೂದಂವ ಹೊತಗೊಳ್ಳಲಿ. ಅವನೂ ಯಾರದೋ ಹೊಟ್ಯಾಗ ಹುಟ್ಯಾನ. ಆದರ ನಮ್ಮ ಸಿದ್ದ ಹುಡಕತಾನ, ನೀ ನೋಡತಿರ."

ನಮ್ಮ ಮಂದಿಯ ಹಣೆಬರಹವೇ ಇದು. ಕೊಟ್ಟದ್ದು ಮುಟ್ಟುತ್ತದೆ ಎಂದು ನಂಬುವುದು. ಓಣಿಯ ಮನೆಮನೆಯಿಂದ ಕಂಬಳಿ ಹೊರಟವು, ಧಣಿಯ ಜಿನ್ನಿಗೆ ಹೋಗಿ ಸೇರಿದವು. ವಾರ ಕಳೆಯುವುದರೊಳಗೆ ಯುದ್ಧ ನಿಂತಿತೆಂದು ಸುದ್ದಿ ಬಂತು. ಆದರೆ ಕಾಕಾ ಗುಡ್ಡ ಇಳಿದಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವನ ಪತ್ರ ಬಂತು, ಮಾಸ್ತರರು ಓದಿದರು. "ಇಲ್ಲಿ ಬರ್ಫ ಭಾಳ. ಕಂಬಳಿ ಬಂದಾಗೆಲ್ಲ ಎಲ್ಲಾರವೂ ಮೂಲಿ ಮುಟ್ಟಿ ನೋಡತೇನಿ. ನನಗ ಹುಚ್ಚ ಹಿಡದೈತಿ ಅಂತ ನಗತಾರ. ನಮ್ಮದ ಇನ್ನೂ ಬಂದಿಲ್ಲ. ಬರತೈತಿ." ಆಯಿ ಆ ಕಡೆಯ ಮಾತನ್ನು ಮೂರು ಸಲ ಓದಿಸಿದಳು. ಬಳಿಕ ರೈಲು ಎಷ್ಟು ದಿನಕ್ಕೆ ಹೋಗಿ ಮುಟ್ಟುತ್ತದೆ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತ ತಿರುಗಿದಳು.

ಹೊಸ ಹತ್ತಿ ಬಂದು ಜಿನ್ನು ಶುರುವಾಯಿತು. ಆ ಸಲ ಕೂಲಿಯವರು ಪಗಾರ ಸ್ವಲ್ಪ ಏರಿಸಿ, ಧೂಳಿಗೆ ಮೂಗು ಕಟ್ಟಿಕೊಳ್ಳಲು ಅರಿವೆ ಕೊಡಿ ಎಂದು ಒಂದು ದಿನ ಇಂಜಿನ್ ನಿಲ್ಲಿಸಿದರು. ಧಣಿ ಸಿಟ್ಟಾಗಲಿಲ್ಲ. "ಯುಗಾದಿಗೆ ನೋಡೂಣಂತ, ನಿಮ್ಮ ಮನಸ್ಸು ಸಂತೋಷ ಆಗೂ ಹಂಗ ಮಾಡತೇನಿ" ಎಂದ. ಅಪ್ಪ ಮನೆಗೆ ಬಂದು ಧಣ್ಯಾರು ದೇವರಂಥವರು ಎಂದು ಹೊಗಳಿದ್ದೇ ಹೊಗಳಿದ್ದು.

ಯುಗಾದಿಯ ದಿನ ಜಿನ್ನಿನ ಅಂಗಳದಲ್ಲಿ ತೋರಣ ಕಟ್ಟಿದ್ದರು. ಗೋಕಾಕದಿಂದ ಫೋಟೋ ತೆಗೆಯುವವನು ಬಂದಿದ್ದ. ಅಪ್ಪನ ಜೊತೆ ನಾನೂ ಆಯಿಯೂ ಹೋಗಿದ್ದೆವು. ಧಣಿ ದುಡಿಮೆಯ ಬಗ್ಗೆ ಭಾಷಣ ಬಿಗಿದು, ನನ್ನ ಕೂಲಿ ಮಕ್ಕಳಿಗೆ ನನ್ನ ಕೈಲಾದ ಕಾಣಿಕೆ ಎಂದ. ಆಳುಗಳು ಗೋದಾಮಿನಿಂದ ಹೊರೆ ಹೊರೆ ಕಂಬಳಿ ತಂದಿಟ್ಟರು.

ನಮ್ಮ ಓಣಿಯ ಕಂಬಳಿಗಳು. ಅಲ್ಲಿದ್ದವರಿಗೆಲ್ಲ ಒಂದೇ ನೋಟಕ್ಕೆ ಗುರುತು ಸಿಕ್ಕಿತು. ತಮ್ಮ ಕೈಯಿಂದ ನೇಯ್ದದ್ದು ಯಾರಿಗೆ ತಿಳಿಯುವುದಿಲ್ಲ? ಆದರೂ ಒಬ್ಬೊಬ್ಬರ ಹೆಸರು ಕೂಗಿದಂತೆ ಒಬ್ಬೊಬ್ಬರು ಹೋದರು, ಕಾಲಿಗೆ ಬಿದ್ದರು, ಹೆಗಲ ಮೇಲೆ ಹಾಕಿಸಿಕೊಂಡು ಫೋಟೋಕ್ಕೆ ನಿಂತರು. ಅಪ್ಪನೂ ಹೋದ. ಅವನಿಗೆ ಸಿಕ್ಕದ್ದು ನಮ್ಮ ನೆರೆಮನೆಯವರದು. ಮತ್ತೆ ಕರದಂಟು ಬಂತು. ಮುಂದಿನ ಸಾಲಿನಲ್ಲಿದ್ದ ನಾನು ಮತ್ತೆ ಚಪ್ಪಾಳೆ ತಟ್ಟಿದೆ.

ಆಯಿ ಒಬ್ಬಳು ತಟ್ಟಲಿಲ್ಲ. ಅವಳ ಕಣ್ಣು ಫಕೀರವ್ವನ ಮೇಲಿತ್ತು. ಫಕೀರವ್ವ ಜಿನ್ನಿನ ಹಲ್ಲಿಗೆ ಹತ್ತಿ ನೂಕುವ ಕೆಲಸದ ವಿಧವೆ. ಆಯಿ ಹೋಗಿ ಅವಳ ಹೆಗಲ ಮೇಲಿನ ಕಂಬಳಿಯ ಮೂಲೆ ಹಿಡಿದಳು. ಗಂಟು ಹಾಗೇ ಇತ್ತು. ಬೆರಳಿಂದ ಹಿಸುಕಿದಳು, ಭಂಡಾರ ಕೈಗೆ ಹತ್ತಿತು. ಆ ಹಳದಿ ಕೈ ಮುಂದೆ ಹಿಡಿದುಕೊಂಡೇ ಧಣಿಯ ಎದುರಿಗೆ ಹೋಗಿ ನಿಂತಳು.

"ಧಣ್ಯಾರ, ಇದು ನನ್ನ ಮಗಗ ಹೋಗಬೇಕಾಗಿತ್ತರಿ."

ಧಣಿ ನಕ್ಕ. "ಯುದ್ಧ ಮುಗದ ಹೋತಲ್ಲಬೇ ಮುದುಕಿ. ಸಿಪಾಯಿನೂ ನಮ್ಮಂವನ, ಕೂಲಿನೂ ನಮ್ಮಂವನ. ಯಾರ ಹೊತಗೊಂಡ್ರ ಏನ?"

"ಯುದ್ಧ ಮುಗದೈತ್ರಿ. ಥಂಡಿ ಮುಗದಿಲ್ಲ. ನನ್ನ ಮಗ ಇನ್ನೂ ಅಲ್ಲೇ ಅದಾನ."

ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, 'ಹೌದಲ್ಲ' ಎಂದಿದ್ದರೆ ಸಾಕಿತ್ತು. ಅಷ್ಟು ಜನ ಗಂಡಸರು, ಗುಂಡಿಗೆಗಿಂತ ದೊಡ್ಡ ಮೀಸೆಯವರು, ನೆಲ ನೋಡುತ್ತ ನಿಂತರು. ಅಪ್ಪ ಓಡಿ ಬಂದು ಆಯಿಯ ರಟ್ಟೆ ಹಿಡಿದ.

"ನಡಿ ಯವ್ವಾ, ನಿನ್ನ ಕಾಲ ಹಿಡಿತೇನಿ. ನಾಳಿ ನಾ ಇಲ್ಲೇ ಕೆಲಸಕ್ಕ ಬರಬೇಕ."

ಆಯಿ ಬಂದಳು. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಅತ್ತವನು ಅಪ್ಪ. ಪಗಾರದ ಮಾತು ಆ ವರ್ಷ ಯಾರೂ ಎತ್ತಲಿಲ್ಲ. ಕಂಬಳಿ ತಿಂದ ಬಾಯಿ ಹೇಗೆ ಎತ್ತೀತು? ಮರುದಿನ ಮುಂಜಾನೆ ಫಕೀರವ್ವ ತಾನೇ ನಡೆದು ಬಂದು, "ತಗೊಳವ್ವಾ, ಮಗನ ಪಾಲಿನದ ಹೊತಗೊಂಡು ನನಗ ನಿದ್ದಿ ಬರೂದಿಲ್ಲ" ಎಂದು ಕಂಬಳಿ ಕೊಟ್ಟು, ಅಪ್ಪನಿಗೆ ಸಿಕ್ಕದ್ದನ್ನು ಒಯ್ದಳು.

ಮುಂಗಾರು ಶುರುವಾದಾಗ ಕಾಕಾ ಬಂದ. ಬಸ್ಸಿನಿಂದ ಇಳಿದವನು ಓಡಿ ಬಂದು ನನ್ನನ್ನು ಎತ್ತಿಕೊಳ್ಳಲಿಲ್ಲ. ಕೋಲೂರುತ್ತ ನಿಧಾನ ಬಂದ. ಎಡಗಾಲಿನ ಮೂರು ಬೆರಳು ಬರ್ಫಕ್ಕೆ ಕಪ್ಪಾಗಿ, ದವಾಖಾನೆಯಲ್ಲಿ ಕೊಯ್ದು ತೆಗೆದಿದ್ದರು. ಆಯಿ ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ಕಂಬಳಿ ತಂದು ಹೊದಿಸಿದಳು. ಕಾಕಾನ ಕೈ ತಾನಾಗಿ ಮೂಲೆಗೆ ಹೋಯಿತು.

"ಇದ ಹೆಂಗ ಇಲ್ಲಿ ಬಂತಬೇ?"

"ರೈಲ ತಪ್ಪಿತ್ತಪಾ" ಎಂದಳು ಆಯಿ.

ಆಯಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಖರೆ ಸಂಗತಿ ತಿಳಿದರೆ ಮಗ ಧಣಿಯ ಮೇಲೆ ಹೋದಾನು ಎಂದು ಹೆದರಿದ್ದಳು. ಹೆದರುವ ಕಾರಣವೇ ಇರಲಿಲ್ಲ. ಊರ ಬಾಯಿಂದ ಅವನಿಗೆ ಎಲ್ಲ ತಿಳಿಯಿತು, ಆದರೆ ಮೂರು ಬೆರಳಿಲ್ಲದವನಿಗೆ ಕುರಿ ಹಿಂದೆ ತಿರುಗಲು ಆಗುತ್ತಿರಲಿಲ್ಲ. "ದೇಶ ಕಾದಂವ, ಇನ್ನ ನಮ್ಮ ಗೇಟ ಕಾಯಲಿ" ಎಂದು ಧಣಿಯೇ ಹೇಳಿಕಳಿಸಿದ. ಕಾಕಾ ಹೋದ. ಖಾಕಿ ತೊಟ್ಟು ಜಿನ್ನಿನ ಗೇಟಿನಲ್ಲಿ ನಿಂತು, ಧಣಿಯ ಮೋಟಾರು ಬಂದಾಗೆಲ್ಲ ಸಲಾಮು ಹೊಡೆದ.

ಎರಡು ವರ್ಷದ ಮೇಲೆ ಕೂಲಿಯವರು ಮತ್ತೆ ಇಂಜಿನ್ ನಿಲ್ಲಿಸಿದರು. ಅಪ್ಪ ಗೇಟಿನ ಹೊರಗೆ, ಕಾಕಾ ಒಳಗೆ ಲಾಠಿ ಹಿಡಿದುಕೊಂಡು. ಒಬ್ಬಳ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಬಿಸಿಲಲ್ಲಿ ಎದುರಾಬದುರು. ಧಣಿ ಅಂದು ಊರಲ್ಲೇ ಇರಲಿಲ್ಲ, ಬೆಳಗಾವಿಗೆ ಮದುವೆಗೆ ಹೋಗಿದ್ದ. ಸಂಜೆ ಅಣ್ಣತಮ್ಮ ಒಂದೇ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡರು. ಆಯಿ ಒಲೆ ಮುಂದೆ ಕೂತು, "ಹೊಡದಾಡ್ರಿ, ಹೊಡದಾಡ್ರಿ, ಅಂವ ಮದವಿ ಊಟ ಉಣ್ಣಲಿ" ಎಂದು ಇಬ್ಬರಿಗೂ ಸೇರಿಸಿ ಬೈದಳು.

ಆ ಜಿನ್ನು ಈಗ ಕಲ್ಯಾಣ ಮಂಟಪವಾಗಿದೆ. ನಮ್ಮ ಓಣಿಯಲ್ಲಿ ಒಂದು ಮಗ್ಗವೂ ಉಳಿದಿಲ್ಲ, ಕತ್ತರಿಸಿದ ಉಣ್ಣೆಯನ್ನು ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿಯುತ್ತಾರೆ. ಅಪ್ಪ ಕೆಮ್ಮಿಕೆಮ್ಮಿ ಹೋದ. ಕಾಕಾ ಸಾಯುವ ತನಕ ಯಾರ ಮನೆಯಲ್ಲಿ ಹೊದಿಕೆ ಕೊಟ್ಟರೂ ಮೊದಲು ನಾಲ್ಕೂ ಮೂಲೆ ಮುಟ್ಟಿ ನೋಡುತ್ತಿದ್ದ. ಇವೆಲ್ಲ ಹೋಗುವಂಥವು, ಹೋದವು. ನನಗೆ ಹೊಟ್ಟೆ ಉರಿಯುವುದು ಬೇರೆಯದಕ್ಕೆ.

ಹೋದ ಚಳಿಗಾಲ ನಮ್ಮ ಕಾಲನಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಬಡವರಿಗೆ ಕಂಬಳಿ ಹಂಚಿದ. ಯಾರ್ಯಾರದೋ ಮನೆಯಿಂದ ಎತ್ತಿದ ಕಂಬಳಿಗಳು, ಅವನ ಫೋಟೋ, ಅವನ ಭಾಷಣ. ನಿವೃತ್ತ ಶಿಕ್ಷಕಿ ಎಂದು ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಇವು ಎಲ್ಲಿಂದ ಬಂದವು ಎಂದು ಕೇಳಬೇಕೆನಿಸಿತು. ಅಕ್ಷರ ಬಾರದ ನನ್ನ ಆಯಿ ಅಷ್ಟು ಜನರೆದುರು ಕೇಳಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ಬಾಯಿ ತೆರೆಯಲಿಲ್ಲ, ಸುಡಲಿ ಆ ಓದು. ಕಾರ್ಯಕ್ರಮ ಮುಗಿಯಿತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿ ಮನೆಗೆ ಬಂದೆ.