ಬ್ರೇಕಿನ ಮೇಲಿದ್ದ ಕಾಲು

ಬೆಟಗೇರಿಯ ಪ್ರಭುಲಿಂಗನಿಗೆ ಅಪ್ಪನ ನೇಕಾರಿಕೆ ಹತ್ತಲಿಲ್ಲ, ಯಂತ್ರಗಳ ಹುಚ್ಚು ಹತ್ತಿತು. ಗದಗಿನ ಮುದ್ರಣಾಲಯವೊಂದರಲ್ಲಿ ಅಚ್ಚಿನ ಯಂತ್ರ ನಡೆಸುತ್ತಿದ್ದ ಅವನು ಮನೆಯಲ್ಲಿ ಕೆಟ್ಟ ಯಾವ ವಸ್ತುವನ್ನೂ ಬೇರೆಯವರ ಕೈಗೆ ಕೊಟ್ಟವನಲ್ಲ. ಅಂಥವನ ಕಣ್ಣಿಗೆ ಶಿರಹಟ್ಟಿಯ ಹತ್ತಿ ಗೋದಾಮಿನಲ್ಲಿ ಆ ಕಾರು ಬಿತ್ತು. ಎರಡೇ ಬಾಗಿಲು, ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸುವ ಕ್ಯಾನ್ವಾಸಿನ ಛಾವಣಿ. ವ್ಯಾಪಾರಿ ಚನ್ನಬಸವಣ್ಣ ಆಸೆಪಟ್ಟು ತಂದಿದ್ದ ಸ್ಪೋರ್ಟ್ಸ್ ಕಾರು. ಅವರು ತೀರಿಕೊಂಡ ಮೇಲೆ ಅದು ಇಲಿಗಳ ಪಾಲಾಗಿತ್ತು. ಗುಜರಿಯವರು ಎಷ್ಟು ಸಲ ಕೇಳಿದರೂ ಚನ್ನಬಸವಣ್ಣನವರ ಹೆಂಡತಿ ಸುಮಿತ್ರವ್ವ ಕೊಟ್ಟಿರಲಿಲ್ಲ. ಪ್ರಭುಲಿಂಗನನ್ನು ಮಾತ್ರ, ರಿಪೇರಿ ನೀನೇ ಮಾಡುತ್ತೀಯಾ ಎಂದು ಕೇಳಿದರು. ಅವನು ಹೌದೆಂದಾಗ ಒಳಗೆ ಹೋಗಿ ಕೀಲಿ ತಂದುಕೊಟ್ಟರು.

ಮನೆಗೆ ಹೊಂದಿಕೊಂಡ ಮಗ್ಗದ ಶೆಡ್ಡಿನಲ್ಲಿ ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಕುಣಿ ಹಾಗೇ ಇತ್ತು. ಅದನ್ನೇ ಇನ್ನಷ್ಟು ಅಗೆದು, ಮೇಲೆ ಕಾರು ನಿಲ್ಲಿಸಿ, ಕೆಳಗಿನಿಂದ ಕೆಲಸ ಮಾಡಲು ಜಾಗ ಮಾಡಿಕೊಂಡ. ರಜೆ ಬಂದರೆ ಸಾಕು, ಕುಣಿಗೆ ಇಳಿಯುತ್ತಿದ್ದ. ಇಲಿ ಕಡಿದ ವೈರುಗಳನ್ನು ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ಎಂಜಿನ್ ಗುರುಗುಟ್ಟಿದ ದಿನ ಓಣಿಯ ಮಂದಿಯೆಲ್ಲ ಬಂದು ನೋಡಿಹೋದರು. ಉಳಿದದ್ದು ಬ್ರೇಕು.

ಬ್ರೇಕಿನ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಗಾಲಿಯ ಹಿಂದಿನ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಒಂದು ರವಿವಾರ ಮಧ್ಯಾಹ್ನ ಹೆಂಡತಿ ಮಂಜುಳಾ ಮೇಲೆ ಕೂತಳು. ಮೊದಲ ಗಾಲಿ ಮುಗಿಯಿತು. ಪ್ರಭುಲಿಂಗ ಎರಡನೆಯದಕ್ಕೆ ಸರಿದ. ಪಕ್ಕದ ಮನೆಯ ಪವರ್‌ಲೂಮಿನ ಸದ್ದಿನಲ್ಲಿ ಮೇಲಿನ ಮಾತೇನೂ ಕುಣಿಗೆ ಕೇಳಿಸುತ್ತಿರಲಿಲ್ಲ. ಅವನು ಒತ್ತು ಎಂದು ಕೂಗಿದ, ಪೆಡಲ್ ಇಳಿಯಿತು. ಪಾನಾ ಹಾಕಿ ನಟ್ಟು ತಿರುವಿದ, ಗುಳ್ಳೆಗಳೊಂದಿಗೆ ಆಯಿಲ್ ಹೊರಬಂತು. ಬಿಡು ಎಂದ, ಪೆಡಲ್ ಏರಿತು. ಮಂಜುಳಾ ಮೊದಲಿಗಿಂತ ಚೆನ್ನಾಗಿ ಒತ್ತುತ್ತಿದ್ದಾಳೆ ಅನ್ನಿಸಿತು. ಅವನ ಬಾಯಿಂದ ಮಾತು ಹೊರಡುವ ಮೊದಲೇ ಕಾಲು ಎತ್ತುವ ನುರಿತ ಒತ್ತು.

ನಾಲ್ಕೂ ಗಾಲಿ ಮುಗಿಸಿ, ಚಹಾ ಮಾಡು ಎನ್ನುತ್ತ ಮೇಲೆ ಬಂದರೆ ಸೀಟಿನಲ್ಲಿ ಯಾರೂ ಇರಲಿಲ್ಲ. ಉದ್ದ ಕಾಲಿನ ಮಂಜುಳಾ ಹಿಂದಕ್ಕೆ ಸರಿಸಿಕೊಂಡಿದ್ದ ಸೀಟು ಸ್ಟೀರಿಂಗಿಗೆ ತಾಗುವಷ್ಟು ಮುಂದೆ ಬಂದಿತ್ತು. ಹೊತ್ತು ಹೋದ ಮೇಲೆ ಮಂಜುಳಾ ಸಂತೆಯ ಚೀಲ ಹಿಡಿದು ಬಂದಳು.

“ನಾ ಒಂದ ಗಾಲಿ ಮುಗದ ಕೂಡ್ಲೆ ಹೇಳೇ ಹೋದ್ನೆಲ್ರಿ, ಸಂತಿಗೆ ಹೊಂಟೀನಿ ಅಂತ,” ಎಂದಳು.

ಪ್ರಭುಲಿಂಗ ಹೋಗಿ ಕುಣಿಯ ಬಾಯಿಗೆ ಹಲಗೆ ಮುಚ್ಚಿ ಬಂದ.

ಮುಂದಿನ ರವಿವಾರ ಕಾರು ತೋರಿಸುವ ನೆಪ ಮಾಡಿಕೊಂಡು ಒಬ್ಬನೇ ಶಿರಹಟ್ಟಿಗೆ ಹೊರಟ. ಬ್ರೇಕು ಕೈಯಲ್ಲಿ ಹಿಡಿದಂತೆ ಹಿಡಿಯುತ್ತಿತ್ತು, ಆದರೂ ದಾರಿಯುದ್ದಕ್ಕೂ ಪೆಡಲಿನ ಮೇಲೆ ಪಾದ ಊರಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ಸುಮಿತ್ರವ್ವ ಕಟ್ಟೆಯ ಮೇಲೆ ಕೂತು ಬಲಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಗಿಡ್ಡ ಆಳು, ಪಾದ ನೆಲ ಮುಟ್ಟುತ್ತಿರಲಿಲ್ಲ. ಅವನು ನಮಸ್ಕಾರ ಹೇಳುವ ಮೊದಲೇ ಕೇಳಿದರು.

“ನಾಕೂ ಗಾಲಿ ಮುಗದುವೇನಪಾ?”

“ಮುಗದೂರಿ, ಅವ್ವಾರ,” ಎಂದ ಪ್ರಭುಲಿಂಗ.

ಗಂಡ ಕೆಳಗೆ ಮಲಗಿ ರಿಪೇರಿ ಮಾಡುವಾಗಲೆಲ್ಲ ಪೆಡಲ್ ಒತ್ತುತ್ತಿದ್ದವರು ತಾವೇ ಎಂದು ಸುಮಿತ್ರವ್ವ ಹೇಳಿದರು. ಹೋದ ವಾರ ಕನಸಿನಲ್ಲಿ ಒತ್ತಿದ್ದಂತೆ, ಕೆಳಗಿನಿಂದ ಬೇರೆ ಯಾರದೋ ದನಿ ಬಂದಂತೆ ನೆನಪಂತೆ. ನೀರು ತಂದ ಸೊಸೆ ನೇತ್ರಾ ಅವನ ಮುಖ ನೋಡದೆ ಮಾತಾಡಿದಳು.

“ಹ್ವಾದ ರವಿವಾರ ಮಧ್ಯಾಹ್ನ ಅತ್ತಿ ಮಲಗಿದ್ರುರಿ. ನಿದ್ದ್ಯಾಗ ಬಲಗಾಲ ಒತ್ತತಿದ್ರು, ಬಿಡತಿದ್ರು. ‘ಹಿಡದೀನಿ, ಹಿಡದೀನಿ’ ಅಂತಿದ್ರು. ಎಷ್ಟ ಅಲಗಾಡಿಸಿದ್ರೂ ಎಚ್ಚರಾಗಲಿಲ್ಲ.”

ಸುಮಿತ್ರವ್ವ ಕಾರಿನಲ್ಲಿ ಕೂರಲಿಲ್ಲ. ಬಾನೆಟ್ಟಿನ ಮೇಲೆ ಕೈಯಾಡಿಸಿ, ಇನ್ನೊಮ್ಮೆ ಈ ಕೆಲಸ ಇದ್ದರೆ ಮೊದಲೇ ತಿಳಿಸು, ಮೊಣಕಾಲು ವಾರವಿಡೀ ನೋಯುತ್ತದೆ ಎಂದರು. ಅವರ ದನಿಯಲ್ಲಿ ಹೆದರಿಕೆಯಾಗಲಿ ತಮಾಷೆಯಾಗಲಿ ಇರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಹಿಂದಿನ ಗಾಲಿಯೊಂದರಲ್ಲಿ ಬ್ರೇಕಿನ ಆಯಿಲ್ ಸೋರಲು ಶುರುವಾಗಿ, ಮತ್ತೆ ಗಾಳಿ ತೆಗೆಯಬೇಕಾಯಿತು. ಈ ಸಲ ಪ್ರಭುಲಿಂಗ ಮಂಜುಳಾಗೆ ಎಲ್ಲ ಹೇಳಿ, ಸೀಟು ಬಿಟ್ಟು ಏಳಬೇಡ ಎಂದು ಒಪ್ಪಿಸಿಯೇ ಕುಣಿಗೆ ಇಳಿದ. ಒತ್ತು ಎಂದ. ಅಂದು ಪವರ್‌ಲೂಮು ನಿಂತಿದ್ದರಿಂದ ಮೇಲಿನ ಮಾತು ಸ್ಪಷ್ಟವಾಗಿ ಕೇಳಿಸಿತು.

“ನಾ ಇನ್ನೂ ಕಾಲ ಇಟ್ಟಿಲ್ರಿ,” ಎಂದಳು ಮಂಜುಳಾ. “ತಾನ ಕೆಳಗ ಹೋಗೇತಿ.”

ಅವನು ನಟ್ಟು ಬಿಗಿ ಮಾಡಿ ಮೇಲೆ ಬಂದು ಶಿರಹಟ್ಟಿಗೆ ಫೋನು ಹಚ್ಚಿದ. ಅತ್ತೆ ಊಟ ಮಾಡಿ ಈಗಷ್ಟೇ ಮಲಗಿದ್ದಾರೆ, ಎಬ್ಬಿಸಲೇ ಎಂದಳು ನೇತ್ರಾ. ಪ್ರಭುಲಿಂಗ ಬೇಡವೆಂದ. ಗಂಡ ಹೆಂಡತಿ ಶೆಡ್ಡಿನ ಹೊಸ್ತಿಲಲ್ಲಿ, ಕಾರಿಗೆ ಬೆನ್ನು ಹಾಕದೆ, ಚಹಾ ಕುಡಿಯುತ್ತ ಕಾದರು. ಅತ್ತೆ ಎದ್ದರು ಎಂದು ನೇತ್ರಾ ತಿರುಗಿ ಫೋನು ಮಾಡಿದ ಮೇಲೆಯೇ ಅವನು ಮತ್ತೆ ಪಾನಾ ಹಿಡಿದದ್ದು.