ಯಾರ ಹಾಡನ್ನೂ ನಡುವೆ ನಿಲ್ಲಿಸಬಾರದು

ಹಾಡು ಶುರುವಾದ ಕೂಡಲೇ ನರ್ಸಬಾಯಿಯವರ ಬಲಗಾಲಿನ ಹೆಬ್ಬೆರಳು ಕುಣಿಯತೊಡಗುತ್ತಿತ್ತು. ಉಗುರು ಅರ್ಧ ಸೀಳಿದ ದಪ್ಪ ಬೆರಳು. ತಾಳ ಒಮ್ಮೆಯೂ ಸರಿ ಬೀಳುತ್ತಿರಲಿಲ್ಲ.

"ಬಾಯಾರ, ಪದಾ ಘಟಪ್ರಭಾದಾಗ ಐತಿ, ನಿಮ್ಮ ಹೆಬ್ಬಟ್ಟು ಹುಕ್ಕೇರಿ ಮುಟ್ಟೇತಿ ನೋಡ್ರಿ!" ಎಂದು ನಮ್ಮ ಜೊತೆ ಹಾಡು ಕೇಳಲು ಬರುತ್ತಿದ್ದ ಮೇಲವಂಕಿಯ ಕಾಕಾ ಕಾಡಿಸುತ್ತಿದ್ದರು.

"ಪದಾನ ಹಿಂದ ಉಳದೈತಿ, ನೀವ ಲಗೂನ ಕರಕೊಂಡ ಬರ್ರಿ," ಎಂದು ಬಾಯಾರು ತಿರುಗಿಸಿ ಕೊಡುತ್ತಿದ್ದರು.

ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಘಟಪ್ರಭಾದ ತಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬುಧವಾರ ಮಧ್ಯಾಹ್ನ ಜಮಖಾನೆ ಹಾಸುತ್ತಿದ್ದರು. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಜೊತೆಗೆ ನಮ್ಮಂಥ ಮನೆಯವರು ಬಂದು ಕೂರುತ್ತಿದ್ದೆವು. "ಗುಳಿಗಿ ಡಾಕ್ಟರ್ ಕೊಡ್ತಾರ. ಇಲ್ಲಿ ಬರೇ ಕೂಡಿ ಕೇಳೂದು," ಎನ್ನುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಹಾಡು, ಪಾಳಿಯ ಪ್ರಕಾರ; ಹಾಡಬಹುದು, ಇಲ್ಲವೇ ಮೊಬೈಲಿನಲ್ಲಿ ಕೇಳಿಸಬಹುದು. ಯಾರ ಹಾಡನ್ನೂ ನಡುವೆ ನಿಲ್ಲಿಸುವಂತಿಲ್ಲ. ಯಾರೂ ಆಡದ ಮಾತು ಕಿವಿಗೆ ಬೀಳುತ್ತಿದ್ದ ನನ್ನ ಅಣ್ಣನೂ ಬರುತ್ತಿದ್ದ, ಗೋಡೆಗೆ ಒರಗಿ ಕೂರುತ್ತಿದ್ದ. ತನ್ನ ಪಾಳಿ ಬಂದಾಗಲೆಲ್ಲ ತಲೆಯಾಡಿಸಿ ಮುಂದಿನವರಿಗೆ ಬಿಡುತ್ತಿದ್ದ.

ಅಂದು ಮೂಡಲಗಿಯ ಅಕ್ಕ ತಮ್ಮ ಗಂಡ ಹಾಡಿದ್ದ ಮೊಹರಮ್ಮಿನ ರಿವಾಯತ ಪದವನ್ನು, ಕರ್ಬಲಾದ ಸಾವಿನ ಶೋಕದ ಹಾಡನ್ನು, ಮೊಬೈಲಿನಲ್ಲಿ ಹಚ್ಚಿದರು. ಅಣ್ಣ ಥಟ್ಟನೆ ಎದ್ದು ಮೆಟ್ಟಿಲು ಹತ್ತಿ ಬಯಲು ಮಾಳಿಗೆಗೆ ಹೋದ. ನಾನು ಬೆನ್ನು ಹತ್ತಿದೆ. ಅವನು ಅಂಚಿನ ಗೋಡೆಯ ಮೇಲೆ ನಿಂತಿದ್ದ. ಆ ಪದವೇ ಅವನನ್ನು ಹತ್ತಿಸಿತೆ? ಇಂದಿಗೂ ನನಗೆ ತಿಳಿದಿಲ್ಲ.

"ಪದಾ ಬಂದ ಮಾಡ್ರಿ!" ಎಂದು ಚೀರಿದೆ.

"ಬ್ಯಾಡ, ನಡೀಲಿ," ಎನ್ನುತ್ತ ಬಾಯಾರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಅವನ ಹತ್ತಿರ ಹೋಗಲಿಲ್ಲ. ಕಾದ ಗಚ್ಚಿನ ಮೇಲೆ ಕುಳಿತುಬಿಟ್ಟರು. ಆ ಹಾಳು ಪದ ಮುಗಿಯಲೇ ಒಲ್ಲದು. ಆಮೇಲೆ ಮುಗಿಯಿತು, ಅದು ಇನ್ನೂ ಭಯಂಕರವಾಗಿತ್ತು.

ಬಾಯಾರು ಕೆಳಗಿನವರಿಗೆ ಕೂಗಿ ಕೇಳಿದರು: "ಮುಂದಿನ ಪಾಳಿ ಯಾರದ?"

"ನಂದರಿ," ಎಂದ ಅಣ್ಣ. ಗೋಡೆಯಿಂದ ಈಚೆ ಇಳಿದ.

ಆಮೇಲೆ ಅಡುಗೆಮನೆಯಲ್ಲಿ ನಾನು ಬಾಯಾರ ಮೇಲೆ ಹರಿಹಾಯ್ದೆ. "ಯಾಕ ಬಂದ ಮಾಡಗೊಡಲಿಲ್ರಿ? ಏನರ ಆಗಿದ್ರ?"

ಅವರು ಚಹಾದ ಕಪ್ಪು ಕೆಳಗಿಟ್ಟರು. "ಗೊತ್ತಿಲ್ಲ ಯವ್ವಾ. ಬಂದ ಮಾಡಿದ್ರ ಅಂವಗ ಮತ್ತೇನ ಕೇಳಸತಿತ್ತೋ ಅಂತ ಅಂಜಿಕಿ ಬಂತು."

ಮರುದಿನವೇ ಅಣ್ಣನನ್ನು ಡಾಕ್ಟರ ಬಳಿಗೆ ಕರೆದೊಯ್ದವರೂ ಅವರೇ. ಅದು ಧೈರ್ಯವೋ, ತಪ್ಪೋ, ಬರೀ ಅದೃಷ್ಟವೋ? ಬೇರೆಬೇರೆ ಮಾಡಿ ನೋಡಲು ನನಗಿನ್ನೂ ಆಗಿಲ್ಲ.

ಹೋದ ಮಳೆಗಾಲದಲ್ಲಿ ಬಾಯಾರು ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಗೋಕಾಕದ ಬಸ್ಸಿನಲ್ಲಿ ಬರುವಾಗ ಅಣ್ಣ ಮೊದಲ ಸಲ ಆ ದಿನದ ಮಾತೆತ್ತಿದ. "ಅವತ್ತ ಬಾಯಾರು ನನ್ನ ಹೆಸರ ಹಿಡದ ಕರದ್ರಲಾ, ಅದಕ್ಕ ಇಳದ್ನಿ."

ನಾನು ಅಲ್ಲೇ ಇದ್ದೆ. ಅವರು ಅವನ ಹೆಸರು ಹಿಡಿಯಲೇ ಇಲ್ಲ.

"ನೀನೂ ಕೇಳಿದಿ, ಹೌದಿಲ್ಲೋ?" ಎಂದು ನನ್ನ ಮುಖ ನೋಡಿದ.

"ಹೂಂ," ಎಂದೆ. "ಎರಡ ಸಲ ಕರದ್ರು."